ಸೂಳಗಿರಿ ಗುಡ್ಡದ ಬಾಯಿ ಹುಡುಕಿದ್ದು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ಕೃಷ್ಣಗಿರಿಯ ಬೆಟ್ಟಗಳನ್ನು ನೋಡಿಬರಲು ಬೆಂಗಳೂರಿನಿಂದ ಪೆಟ್ರೋಲಿನ ಬದಲು ಇದ್ದಿಲ ಅನಿಲದಿಂದ ಓಡುವ ಬಸ್ಸಿನಲ್ಲಿ ಹೊರಟೆ. ಹೊಸೂರಿನವರೆಗೆ ಬಸ್ಸು ನಮ್ಮನ್ನು ಹೊತ್ತಿತು; ಅಲ್ಲಿಂದಾಚೆ ಏರು ಬಂದಲ್ಲೆಲ್ಲ ನಾವು ಅದನ್ನು ತಳ್ಳಿದೆವು. ತಳ್ಳುವಾಗ ನನ್ನ ಪಕ್ಕದಲ್ಲಿದ್ದವನು ಇಟಲಿಯಿಂದ ಮರಳಿದ ಸಿಪಾಯಿ ಮುನಿಯಪ್ಪ. ನಾನು ಕಾಲೇಜಿನಲ್ಲಿ ಕಲ್ಲುಗಳ ಪಾಠ ಹೇಳುವವನೆಂದು ತಿಳಿದದ್ದೇ ತಡ, ನನ್ನ ಕೈ ಹಿಡಿದುಕೊಂಡ.

"ಸ್ವಾಮಿ, ನನ್ನ ಮದುವೆ ಉಳಿಸ್ಬೇಕು. ಇಟಲೀಲಿ ಬೆಂಕಿ ಉಗುಳೋ ಬೆಟ್ಟ ಕಂಡೆ. ಹೆಣ್ಣಿನ ಮನೇಲಿ ಜಂಬಕ್ಕೆ, ನಮ್ಮ ಸೂಳಗಿರಿ ಗುಡ್ಡಾನೂ ಅದರ ತಮ್ಮನೇ ಅಂದ್ಬುಟ್ಟೆ. ಈಗ ಮಾವ ಆಗೋರು, ಮಗಳನ್ನ ಒಲೆ ಮೇಲೆ ಕೂರ್ಸಾಕಿಲ್ಲ ಅಂತಾವ್ರೆ. ಇವತ್ತು ಕೊನೇ ಮಾತು ಹೇಳಾಕೆ ಬತ್ತಾವ್ರೆ."

ಸೂಳಗಿರಿಯಲ್ಲಿ ಇಳಿದೆವು. ಗುಡ್ಡವನ್ನು ಕಂಡು ನನ್ನ ಎದೆಯೂ ಒಮ್ಮೆ ಹಾರಿತು. ಮುದ್ದೆಯ ಹಿಟ್ಟಿನಷ್ಟು ಮಂದವಾದ ಲಾವಾ ಹರಿಯಲಾರದೆ ತನ್ನ ಬಾಯಿಯ ಮೇಲೆಯೇ ಪೇರಿಕೊಂಡರೆ ಇಂಥದೇ ಗುಮ್ಮಟವಾಗುತ್ತದೆ. ಹಾಗೇನಾದರೂ ಆಗಿದ್ದರೆ ಶಾಸ್ತ್ರದಲ್ಲಿ ನನ್ನ ಹೆಸರು ಉಳಿಯುತ್ತಿತ್ತು; ಮುನಿಯಪ್ಪನ ಮದುವೆ ಉಳಿಯುತ್ತಿರಲಿಲ್ಲ.

ಹೆಣ್ಣಿನ ತಂದೆ, ಬಾಗಲೂರಿನ ತಿಮ್ಮರಾಯಪ್ಪನವರು, ಆಗಲೇ ಬಂದು ಕೂತಿದ್ದ ಮುನಿಯಪ್ಪನ ಮನೆ ಜಗಲಿಯಿಂದೆದ್ದು ನನ್ನ ಹಿಂದೆಯೇ ಗುಡ್ಡ ಸುತ್ತಿದರು. ಬಿಸಿಲು ಚುರುಗುಟ್ಟುತ್ತಿತ್ತು.

"ಏನು ಹುಡುಕ್ತೀರಿ?"

"ಬೂದಿಗಲ್ಲು," ಎಂದೆ. ಅಂಥ ಗುಮ್ಮಟ ಸಿಡಿದರೆ ಕಾದ ಬೂದಿ ಪ್ರವಾಹದಂತೆ ಕೆಳಗಿಳಿದು ಹಳ್ಳಕೊಳ್ಳ ತುಂಬುತ್ತದೆ; ತನ್ನ ಕಾವಿಗೆ ತಾನೇ ಬೆಸೆದು ಕಲ್ಲಾಗುತ್ತದೆ. ಅದರೊಳಗೆ ನೊರೆಗಲ್ಲಿನ ಚೂರುಗಳು ಅವಲಕ್ಕಿಯಂತೆ ಚಪ್ಪಟೆಯಾಗಿರುತ್ತವೆ. ಕೊರಕಲು, ಹೊಲದ ಬದು, ಬಾವಿ ತೋಡಿದ ಮಣ್ಣು ಎಲ್ಲ ಕೆದಕಿದೆ. ಒಂದು ಹಿಡಿಯೂ ಸಿಗಲಿಲ್ಲ. ಒಡೆದ ಕಲ್ಲಿನಲ್ಲೆಲ್ಲ ದಪ್ಪ ದಪ್ಪ ಹರಳುಗಳು ಮಿನುಗುತ್ತಿದ್ದವು.

ಹೈಕೋರ್ಟಿನ ಗಾಂಭೀರ್ಯ ತಂದುಕೊಂಡು ತೀರ್ಪು ಕೊಟ್ಟೆ: "ಹರಳು ಇಷ್ಟು ದಪ್ಪಗೆ ಬೆಳೆದಿದೆ ಅಂದರೆ, ಇದು ನೆಲದಾಳದಲ್ಲೇ ನಿಧಾನವಾಗಿ ತಣ್ಣಗಾದ ಕಲ್ಲು. ಮೇಲಿದ್ದದ್ದು ಸವೆದು ಈಗ ಹೊರಗೆ ಕಾಣುತ್ತಿದೆ. ಇದಕ್ಕೆ ಬಾಯಿಯೇ ಇಲ್ಲ, ಸಿಡಿಯುವುದಿಲ್ಲ."

"ನಿಮ್ಮ ಮಗಳಿದ್ರೆ ಇಲ್ಲಿಗೆ ಕೊಡ್ತಿದ್ರಾ?"

"ಗುಡ್ಡದ ಮಟ್ಟಿಗೆ ಧಾರಾಳವಾಗಿ. ಅಳಿಯನ ವಿಚಾರ ನಮ್ಮ ಶಾಸ್ತ್ರಕ್ಕೆ ನಿಲುಕದು."

ತಿಮ್ಮರಾಯಪ್ಪನವರು ನಮ್ಮ ಜೊತೆಗೇ ಬಂದಿದ್ದ ಮುನಿಯಪ್ಪನತ್ತ ತಿರುಗಿದರು. "ಗುಡ್ಡ ತಣ್ಗಾಗಿ ಯಾವ್ ಕಾಲ ಆಯ್ತೋ! ನಿನ್ನ ಬಾಯಿ ಯಾವಾಗ್ಲಾ ತಣ್ಗಾಗೋದು?"

ಸಂಬಂಧ ಒಪ್ಪದೆ ಗಂಡಿನ ಮನೆಯಲ್ಲಿ ಉಣ್ಣುವುದು ಅವರ ಪದ್ಧತಿಯಲ್ಲ. ಮನೆಗೆ ಮರಳಿದವರೇ ಕೈಕಾಲು ತೊಳೆದು, ಮುನಿಯಪ್ಪನ ತಾಯಿಗೆ, "ಎಲೆ ಹಾಕಮ್ಮ, ಹೊಟ್ಟೆ ಹಸೀತೈತೆ," ಎಂದರು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಎಲೆ ಹಾಕಿದ್ದು ನನಗೆ. ಹುರುಳಿ ಸಾರು ಸೊಗಸಾಗಿತ್ತು.

ಸಂಜೆಯ ಬಸ್ಸಿನಿಂದ ತಿರುಗಿ ನೋಡಿದೆ. ನನಗೆ ಕೀರ್ತಿ ತರಲೊಲ್ಲದ ಗುಡ್ಡಕ್ಕೆ ಮನಸಾರೆ ಕೈಮುಗಿದೆ.