ಕೂಲಿಂಗ್ ಮಾಮನ ನಾಲ್ಕು ಗಂಟೆ

ಫ್ರಿಜ್ ರಿಪೇರಿ ಮಾಡುವವರಲ್ಲಿ ಎರಡು ಬಗೆ. ಬಂದವರೇ ಬಾಗಿಲು ತೆಗೆದು ಒಳಗೆ ಇಣುಕುವವರು ಒಂದು ಬಗೆ. ಹಿಂಬದಿಗೆ ಹೋಗಿ ಮಂಡಿಯೂರಿ ಕೂತು, ಕಂಪ್ರೆಸರ್ ಹತ್ತಿರ ಕಿವಿ ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಳ್ಳುವವರು ಇನ್ನೊಂದು ಬಗೆ. ನಮ್ಮ ಕೂಲಿಂಗ್ ಮಾಮ ಎರಡನೆಯ ಬಗೆಯವರು. ಮೂವತ್ತೈದು ವರ್ಷ ಹೀಗೆ ಕಿವಿಗೊಟ್ಟೂ ಕಿವಿಗೊಟ್ಟೂ, ಬೀದಿಯಲ್ಲಿ ಯಾರ ಮನೆಯ ಫ್ರಿಜ್ಜು ಗೊರಕೆ ಹೊಡೆಯುತ್ತದೆ, ಯಾರದ್ದು ನಿಟ್ಟುಸಿರು ಬಿಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಹೆಂಡತಿಯ ಮಾತು ಮಾತ್ರ ಎರಡು ಸಲ ಹೇಳದೆ ಕಿವಿಗೆ ಬೀಳುವುದಿಲ್ಲ. ಇದನ್ನು ಹೇಳಿದ್ದು ಹೆಂಡತಿಯೇ, ನಾನಲ್ಲ.

ಅವರ ಅಂಗಡಿಗೆ ಒಂದೇ ಷಟರ್. ಒಳಗೆ ಹೆಜ್ಜೆ ಇಡಲು ಜಾಗವಿಲ್ಲದಷ್ಟು ಬಿಚ್ಚಿದ ಬಾಗಿಲುಗಳು, ಸುರುಳಿ ಸುತ್ತಿದ ತಾಮ್ರದ ಪೈಪುಗಳು, ಗೋಡೆಯ ಮೊಳೆಗಳಲ್ಲಿ ನೇತಾಡುವ ಹಳೆಯ ರಬ್ಬರ್ ಪಟ್ಟಿಗಳು. ಎದುರು ಗೋಡೆಯ ಮೇಲೆ ಮಾಮ ತಮ್ಮ ಕೈಯಾರೆ ಕೆಂಪು ಬಣ್ಣದಲ್ಲಿ ಬರೆದ ಸಾಲು: ‘ಸಾಗಿಸಿದ ಫ್ರಿಜ್ಜನ್ನು ನಾಲ್ಕು ಗಂಟೆ ಮುಟ್ಟಬೇಡಿ.’ ಮನೆ ಬದಲಾಯಿಸುವ ಜನ ಫ್ರಿಜ್ಜನ್ನು ಟೆಂಪೊದಲ್ಲಿ ಅಡ್ಡ ಮಲಗಿಸಿ ತರುತ್ತಾರೆ. ಕಂಪ್ರೆಸರ್ ಒಳಗಿನ ಎಣ್ಣೆ ಪೈಪುಗಳಿಗೆ ನುಗ್ಗಿರುತ್ತದೆ. ಅದು ಇಳಿದು ಸ್ವಸ್ಥಾನ ಸೇರುವ ಮೊದಲೇ ಸ್ವಿಚ್ ಒತ್ತಿದರೆ ಕಂಪ್ರೆಸರ್ ಕತೆ ಮುಗಿಯಿತು. ಈ ಪಾಠವನ್ನು ಮಾಮ ಎಷ್ಟು ಜನರಿಗೆ ಮಾಡಿದ್ದಾರೆಂದರೆ, ಬೀದಿಯಲ್ಲಿ ಮಕ್ಕಳು ಯಾರಾದರೂ ಎಡವಿ ಬಿದ್ದರೆ ಉಳಿದವರು ಸುತ್ತ ನಿಂತು, “ನಾಲ್ಕು ಗಂಟೆ ಮುಟ್ಟಬೇಡಿ!” ಎಂದು ಕೂಗುತ್ತಿದ್ದರು. ಮಾಮನಿಗೆ ಅದರಿಂದ ಕೋಪವೇನೂ ಬರಲಿಲ್ಲ, ಒಳಗೊಳಗೇ ಹೆಮ್ಮೆ.

ಹೆಂಡತಿಯನ್ನು ಎಲ್ಲರೂ ಟೇಲರಮ್ಮ ಎನ್ನುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಬದಿಗೆ ಅವರ ಹೊಲಿಗೆ ಮಿಷನ್ನು, ಕೈ ಚಾಚಿದರೆ ಸಿಗುವಂತೆ ನೀಲಿ ಬಣ್ಣದ ಫ್ರಿಜ್ಜು. ಅದು ಪಕ್ಕದಲ್ಲೇ ಇರುವುದಕ್ಕೆ ಕಾರಣವಿದೆ. ಒಂಬತ್ತು ವರ್ಷದ ಹಿಂದೆ ಟೇಲರಮ್ಮನ ಬೆರಳ ಗಂಟುಗಳು ಊದಿಕೊಂಡು ಸೂಜಿಗೆ ದಾರ ಪೋಣಿಸಲೂ ಆಗದಂತಾಯಿತು. ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಬೆರಳು ಸರಿಹೋದವು. ಆದರೆ ಆ ಔಷಧಿಯ ದರ್ಬಾರು ಏನು ಕೇಳುತ್ತೀರಿ! ಎರಡು ಡಿಗ್ರಿಗಿಂತ ಕೆಳಗಿಳಿಯಬಾರದು, ಎಂಟಕ್ಕಿಂತ ಮೇಲೇರಬಾರದು. ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು.

ಆ ಮೊದಲ ವರ್ಷವೇ ಟೇಲರಮ್ಮ ತಮ್ಮ ಅಕ್ಕನ ಊರಿಗೆ ಬಸ್ಸು ಹತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಸಾಕಿ ಬೆಳೆಸಿದ ಅಕ್ಕ. ಔಷಧಿಯನ್ನು ಐಸ್ ತುಂಬಿದ ಡಬ್ಬದಲ್ಲಿ ಇಟ್ಟುಕೊಂಡಿದ್ದರು. ಅರ್ಧ ದಾರಿಯ ಬಸ್ ಸ್ಟ್ಯಾಂಡಿನಲ್ಲಿ ತೆರೆದು ನೋಡಿದರೆ ಔಷಧಿ ಐಸ್‌ಗೆ ತಗುಲಿ ಕಲ್ಲಾಗಿತ್ತು. ಅಲ್ಲಿಂದಲೇ ಹಿಂದಿರುಗಿದರು. ಎರಡು ವಾರ ಕೈ ಮಡಚಲು ಬರಲಿಲ್ಲ. ಅಂದಿನಿಂದ ಒಂದು ರಾತ್ರಿಯೂ ಮನೆ ಬಿಟ್ಟವರಲ್ಲ. ಅಕ್ಕನಿಗೆ ಮಂಡಿನೋವು, ಮೂರು ದಿನದ ಪ್ರಯಾಣ ಆಗದ ಮಾತು. ಪ್ರತಿ ಭಾನುವಾರ ಇಬ್ಬರೂ ಫೋನಿನಲ್ಲಿ ಒಂದು ಗಂಟೆ ಮಾತಾಡಿ, ಕೊನೆಗೆ ಇವರು “ಬರ್ತೀನಿ ಅಕ್ಕಾ” ಎನ್ನುತ್ತಿದ್ದರು, ಅವರು “ಬಾರೇ” ಎನ್ನುತ್ತಿದ್ದರು. ಅಷ್ಟೇ. ಪಕ್ಕದಲ್ಲಿ ಪೇಪರ್ ಓದುವಂತೆ ನಟಿಸುತ್ತಿದ್ದ ಮಾಮ ಆ ಎರಡು ಮಾತು ಕೇಳಿದಾಗಲೆಲ್ಲ ಓದದ ಪುಟವನ್ನು ಮಗುಚುತ್ತಿದ್ದರು. ಊರಿಗೆಲ್ಲ ತಂಪು ಹಂಚುವ ಮನುಷ್ಯ, ಹೆಂಡತಿಗೆ ಮೂರು ದಿನದ ತಂಪು ಕಟ್ಟಿಕೊಡಲಾರದೆ ಹೋದನಲ್ಲ ಎಂಬ ಸಂಕಟ.

ಅಂಗಡಿ ಮುಚ್ಚಿ ನಿವೃತ್ತರಾದ ಮೇಲೆ ಮಾಮ ಮಾಡಿದ ಮೊದಲ ಕೆಲಸ, ಹಳೆಯ ಗಿರಾಕಿಯೊಬ್ಬರ ಹಿತ್ತಲಲ್ಲಿ ಬಳ್ಳಿ ಹಬ್ಬಿ ಕೂತಿದ್ದ ಮನೆಗಾಡಿಯನ್ನು ತಮ್ಮ ಜೀಪಿನ ಹಿಂದೆ ಕಟ್ಟಿ ಎಳೆದು ತಂದದ್ದು. ಒಳಗೆ ಎರಡು ಮಂಚ, ಒಂದು ಒಲೆ, ಪಾತ್ರೆ ತೊಳೆಯಲು ಒಂದು ತೊಟ್ಟಿ, ಮತ್ತು ಗ್ಯಾಸಿನಲ್ಲಿ ಓಡುವ ಒಂದು ಪುಟ್ಟ ಫ್ರಿಜ್ಜು. ಆ ಫ್ರಿಜ್ಜು ಎಂದೋ ಪ್ರಾಣ ಬಿಟ್ಟಿತ್ತು, ಒಳಗೆ ಇಲಿ ಸಂಸಾರ ಹೂಡಿತ್ತು.

“ಇದನ್ನ ಕಿತ್ತು ಹಾಕಿ ಗಾಡಿಗೆ ಅಂತಲೇ ಮಾಡಿದ ಹೊಸ ಫ್ರಿಜ್ಜು ಇಡೋಣ ಕಣೇ. ಅಕ್ಕನ ಮನೆಗೆ ಹೋಗಿಬರೋಣ,” ಎಂದರು ಮಾಮ.

ಟೇಲರಮ್ಮ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. “ಹೊಸದರ ಗುಣ ಯಾರಿಗೆ ಗೊತ್ತು? ನಮ್ಮ ನೀಲಿ ಫ್ರಿಜ್ಜು ಒಂಬತ್ತು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ. ಬಂದ್ರೆ ಅದರ ಜೊತೆ ಬರ್ತೀನಿ.”

“ಮನೆ ಫ್ರಿಜ್ಜನ್ನ ಗಾಡೀಲಿ ಹೇಗೇ ಓಡಿಸೋದು?”

“ರಿಪೇರಿಯವರು ಯಾರು, ನೀವೋ ನಾನೋ?”

ಅಲ್ಲಿಂದ ಮಾಮನ ಕೈ ಓಡತೊಡಗಿತು. ಬ್ಯಾಟರಿ ಅಂಗಡಿಯ ಗೆಳೆಯನ ಹತ್ತಿರ ಹೋಗಿ ಎರಡು ದೊಡ್ಡ ಬ್ಯಾಟರಿ, ಒಂದು ಇನ್ವರ್ಟರ್ ತಂದರು. ಮೊದಲು ತಂದ ಇನ್ವರ್ಟರ್ ಚಿಕ್ಕದಾಯಿತು. ಓಡುವಾಗ ಫ್ರಿಜ್ಜಿನದು ಬೆಕ್ಕಿನ ಊಟ, ಆದರೆ ಕಂಪ್ರೆಸರ್ ಏಳುವ ಆ ಒಂದು ಕ್ಷಣ ಆನೆಯ ಊಟ ಕೇಳುತ್ತದೆ. ಚಿಕ್ಕ ಇನ್ವರ್ಟರ್ “ಕುಂಯ್” ಎಂದು ಅತ್ತು ಕೈಚೆಲ್ಲಿತು. ಗೆಳೆಯ ನಗುತ್ತ ದೊಡ್ಡದನ್ನು ಕೊಟ್ಟ. ಛಾವಣಿಯ ಮೇಲೆ ಮೂರು ಸೋಲಾರ್ ಹಲಗೆ ಕೂತವು. ಫ್ರಿಜ್ಜಿನ ಬೆನ್ನಿನ ಬಿಸಿ ಹೊರಹೋಗಲು ಗಾಡಿಯ ಗೋಡೆಗೆ ಜಾಲರಿ ಬಿತ್ತು. ಎಲ್ಲ ಮುಗಿಸಿ, ನಾಲ್ಕು ಜನ ನೆರೆಯವರನ್ನು ಕೂಡಿಸಿ ಫ್ರಿಜ್ಜು ಎತ್ತಿ ತಂದರೆ ಗಾಡಿಯ ಬಾಗಿಲಲ್ಲಿ ಹಿಡಿಸಲಿಲ್ಲ.

“ಎರಡು ಇಂಚು ಸಾಲಲ್ಲ ಅಂತ ಹೋದ ವಾರವೇ ಹೇಳಿದ್ದೆ,” ಎಂದರು ಕುತ್ತಿಗೆಗೆ ಟೇಪು ಹಾಕಿಕೊಂಡು ನಿಂತಿದ್ದ ಟೇಲರಮ್ಮ.

“ನನಗೆ ಕೇಳಿಸಲಿಲ್ಲ.”

“ಅದನ್ನೂ ಹೇಳಿದ್ದೆ.”

ಕೊನೆಗೆ ಹಿಂಬದಿಯ ಕಿಟಕಿಯನ್ನು ಚೌಕಟ್ಟು ಸಮೇತ ಕಳಚಿ, ಫ್ರಿಜ್ಜನ್ನು ನಿಂತ ಭಂಗಿಯಲ್ಲೇ ಒಳಗೆ ದಾಟಿಸಿದರು. ನಾಲ್ಕು ಮೂಲೆಗೆ ಕಬ್ಬಿಣದ ಪಟ್ಟಿ ಬಿಗಿದರು. ಉಬ್ಬುತಗ್ಗಿನಲ್ಲಿ ಬಾಗಿಲು ತೆರೆದುಕೊಳ್ಳದಿರಲು ಟೇಲರಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಬಕಲು ಇರುವ ಪಟ್ಟಿ ಹೊಲಿದುಕೊಟ್ಟರು.

ಆಮೇಲೆ ಅವರ ಷರತ್ತು ಬಂತು. ಔಷಧಿಯನ್ನು ಎದುರುಮನೆಯ ಫ್ರಿಜ್ಜಿನಲ್ಲಿ ಇಡುವುದು. ಆ ಫ್ರಿಜ್ಜನ್ನೂ ಮಾಮ ಎರಡು ದಿನ ಥರ್ಮಾಮೀಟರ್ ಇಟ್ಟು ಪರೀಕ್ಷೆ ಮಾಡಿಯಾಗಿತ್ತು. ಮನೆಗಾಡಿಯ ಫ್ರಿಜ್ಜಿನಲ್ಲಿ ಬರೀ ನೀರಿನ ಲೋಟ, ಅದರೊಳಗೆ ಥರ್ಮಾಮೀಟರ್. ಬೆಳಗ್ಗೆಯಿಂದ ಸಂಜೆಯವರೆಗೆ ಊರ ಸುತ್ತ ಓಡಿಸಿಕೊಂಡು ಬರುವುದು. ನೀರು ಎರಡರಿಂದ ಎಂಟು ಡಿಗ್ರಿಯೊಳಗೆ ನಿಂತರೆ ಅಕ್ಕನ ಮನೆಗೆ ಹೊರಡುವುದು. ಇಲ್ಲದಿದ್ದರೆ ಈ ಮಾತನ್ನು ಮತ್ತೆ ಎತ್ತಬಾರದು.

ಮಾಮ ಶಿಸ್ತಿನ ಮನುಷ್ಯ. ಗಾಡಿ ಹೊರಡುವ ಮುಂಚೆ ಫ್ರಿಜ್ಜು ಆಫ್ ಮಾಡಿದರು. ಸಾಗಿಸುವಾಗ ಅದು ಓಡಬಾರದಲ್ಲ. ಮೊದಲು ಟೀ ಅಂಗಡಿ ಮುಂದೆ ನಿಂತರು. ನಿಂತ ಕೂಡಲೇ ಆನ್ ಮಾಡುವ ಹಾಗಿಲ್ಲ, ನಾಲ್ಕು ಗಂಟೆ ಆಗಬೇಕು. ಅರ್ಧ ಗಂಟೆಯಲ್ಲಿ ಮತ್ತೆ ಹೊರಟರು. ಪೆಟ್ರೋಲ್ ಬಂಕಿನಲ್ಲಿ ನಿಂತರು, ಲೆಕ್ಕ ಮೊದಲಿನಿಂದ ಶುರು. ಕೆರೆ ದಂಡೆಯಲ್ಲಿ ಊಟಕ್ಕೆ ನಿಂತರು, ಮತ್ತೆ ಮೊದಲಿನಿಂದ. ಹೀಗೆ ಇಡೀ ದಿನ ಸೂರ್ಯ ಛಾವಣಿಯ ಮೇಲೆ ಸುರಿದ, ಬ್ಯಾಟರಿ ತುಂಬಿ ತುಳುಕಿತು, ಇನ್ವರ್ಟರ್ ಹಸಿರು ಕಣ್ಣು ಬಿಟ್ಟು ಕಾಯಿತು. ಫ್ರಿಜ್ಜಿಗೆ ಮಾತ್ರ ಉಪವಾಸ.

ಸಂಜೆ ಟೇಲರಮ್ಮ ಬಕಲು ಬಿಚ್ಚಿ ಲೋಟ ತೆಗೆದು ನೋಡಿದರು. ಹದಿನಾರು ಡಿಗ್ರಿ.

ಅವರು ಬೈಯಲಿಲ್ಲ. ಬೈದಿದ್ದರೆ ಮಾಮನಿಗೆ ಸಮಾಧಾನವಾಗುತ್ತಿತ್ತು. ಲೋಟದ ನೀರನ್ನು ಗಿಡಕ್ಕೆ ಚೆಲ್ಲಿ, “ಹೋಗ್ಲಿ ಬಿಡಿ. ನೀವು ಇಷ್ಟು ಮಾಡಿದ್ರಲ್ಲ, ಅದೇ ಸಾಕು,” ಎಂದು ಒಳಗೆ ಹೋದರು. ಅಕ್ಕನಿಗೆಂದು ಹೊಲಿದಿಟ್ಟಿದ್ದ ಎರಡು ರವಿಕೆಗಳನ್ನು ಚೀಲದಿಂದ ತೆಗೆದು ಬೀರುವಿನಲ್ಲಿಟ್ಟರು. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಮಾಮನಿಗೆ ಕಣ್ಣು ತುಂಬಿ ಬಂತು. ಕಣ್ಣಿಗೆ ಧೂಳು ಬಿತ್ತೆಂದು ಗೊಣಗಿಕೊಂಡು ಹೊರಗೆ ಹೋದರು.

ಮಾರನೆಯ ಬೆಳಗ್ಗೆ ಬ್ಯಾಟರಿ ಗೆಳೆಯನನ್ನು ಬೈದಾಯಿತು, ಇನ್ವರ್ಟರನ್ನು ಬೈದಾಯಿತು, ಸೋಲಾರ್ ಹಲಗೆಯ ವಂಶವನ್ನೆಲ್ಲ ಜಾಲಾಡಿದ್ದಾಯಿತು. ಇನ್ನೇನು ಸೂರ್ಯನ ಸರದಿ ಬರಬೇಕು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹಳೆಯ ಗಿರಾಕಿ. ಹೊಸ ಮನೆಗೆ ಬಂದಿದ್ದಾರೆ, ಫ್ರಿಜ್ಜು ಆನ್ ಮಾಡಬಹುದೇ ಎಂದು ಕೇಳುತ್ತಿದ್ದಾರೆ.

“ಮಲಗಿಸಿ ತಂದ್ರಾ?” ಎಂದರು ಮಾಮ, ಅಭ್ಯಾಸಬಲದಿಂದ. “ಹಾಗಾದ್ರೆ ನಾಲ್ಕು ಗಂಟೆ ಮುಟ್ಟಬೇಡಿ.” ಫೋನಿಟ್ಟರು.

ಟೇಲರಮ್ಮನ ಮಿಷನ್ನು ನಿಂತಿತು. “ರೀ, ನಿಲ್ಲಿಸಿಕೊಂಡೇ ತಂದಿದ್ರೆ?”

“ನಿಲ್ಲಿಸಿಕೊಂಡೇ ತಂದಿದ್ರೆ ಏನು ಕಾಯೋದು, ಎಣ್ಣೆ ಎಲ್ಲಿದ್ಯೋ ಅಲ್ಲೇ ಇರುತ್ತೆ, ಆಗಲೇ ಸ್ವಿಚ್ ಹಾಕ…”

ಮಾಮನ ಬಾಯಿ ತೆರೆದೇ ಉಳಿಯಿತು. ನೀಲಿ ಫ್ರಿಜ್ಜು ನಾಲ್ಕು ಪಟ್ಟಿ ಬಿಗಿಸಿಕೊಂಡು, ನೆಟ್ಟಗೆ ನಿಂತೇ ಊರೆಲ್ಲ ಸುತ್ತಿ ಬಂದಿತ್ತು. ಒಂದು ನಿಮಿಷವೂ ಮಲಗಿರಲಿಲ್ಲ. ಮೂವತ್ತೈದು ವರ್ಷ ಮಲಗಿದ ಫ್ರಿಜ್ಜುಗಳನ್ನೇ ನೋಡೀ ನೋಡೀ, ತಾವೇ ಬರೆದ ಸಾಲಿನ ಕಾರಣವನ್ನು ತಾವೇ ಮರೆತಿದ್ದರು.

ಟೇಲರಮ್ಮನಿಗೆ ನಗು ಶುರುವಾಯಿತು. ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದರು, ಆಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕರು, ಎದುರುಮನೆಯವರು ಕಿಟಕಿಗೆ ಬಂದು ನಿಲ್ಲುವಷ್ಟು ನಕ್ಕರು. “ನಿನ್ನೆ ನಾನು ಸ್ವಿಚ್ ಹಾಕೋಕೆ ಹೋದಾಗ ಕೈ ಹಿಡ್ಕೊಂಡ್ರಲ್ಲ! ಟೀ ಅಂಗಡಿ ಮುಂದೆ!”

“ನಗು, ನಗು,” ಎಂದರು ಮಾಮ. ತಾವೂ ನಗುತ್ತಿದ್ದರು.

ಅಂದೇ ಮತ್ತೆ ಗಾಡಿ ಕಟ್ಟಿದರು. ಈ ಸಲ ಫ್ರಿಜ್ಜು ಓಡುತ್ತಲೇ ಊರು ಸುತ್ತಿತು. ಮಧ್ಯಾಹ್ನ ಐದು ಡಿಗ್ರಿ, ಸಂಜೆ ನಾಲ್ಕೂವರೆ. ಟೇಲರಮ್ಮ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದರು. ಒಳಗೆ ಹೋಗಿ ರವಿಕೆಗಳನ್ನು ಚೀಲಕ್ಕೆ ಹಾಕಿದರು.

ಆ ಮೂರು ದಿನದ ದಾರಿಯ ಸುಖವನ್ನು ಹೇಗೆ ಹೇಳುವುದು! ಪ್ರತಿ ನಿಲುಗಡೆಯಲ್ಲೂ ಟೇಲರಮ್ಮ ಹಿಂದೆ ಓಡಿ ಹೋಗಿ, “ಐದೂ!” ಎಂದು ಕೂಗುವರು. ಮುಂದೆ ಮಾಮ ಗೆದ್ದವರ ಹಾಗೆ ಹಾರ್ನ್ ಒತ್ತುವರು. ರಸ್ತೆ ಬದಿಯ ಮರದಡಿ ನಿಂತಾಗ ಲಾರಿ ಡ್ರೈವರುಗಳು ತಣ್ಣೀರು ಕೇಳಿಕೊಂಡು ಬಂದರು, ಕುಡಿದು ಮುಗಿಸಿ ಮನೆಗಾಡಿಯೊಳಗೆ ನಿಂತ ನೀಲಿ ಫ್ರಿಜ್ಜನ್ನು ಕಂಡು ಬೆರಗಾದರು. ಅವರಿಗೆಲ್ಲ ಮಾಮ ಬೆಕ್ಕಿನ ಊಟ, ಆನೆಯ ಊಟದ ಪಾಠ ಮಾಡಿದರು. ಎರಡನೆಯ ದಿನ ಅದೇ ಅರ್ಧ ದಾರಿಯ ಬಸ್ ಸ್ಟ್ಯಾಂಡು ಬಂತು. ಟೇಲರಮ್ಮ ಗಾಡಿ ನಿಲ್ಲಿಸಲು ಹೇಳಿದರು. ಒಂಬತ್ತು ವರ್ಷದ ಹಿಂದೆ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸಿಮೆಂಟಿನ ಬೆಂಚಿನ ಮೇಲೆ ಕೂತು, ಫ್ರಿಜ್ಜಿನಿಂದ ತಂದ ತಣ್ಣನೆಯ ಕಲ್ಲಂಗಡಿ ಹೋಳನ್ನು ಕೊನೆಯವರೆಗೂ ತಿಂದರು. ಬೀಜಗಳನ್ನು ದೂರಕ್ಕೆ ಉಗುಳಿದರು. ಮಾಮ ಅದನ್ನು ನೋಡಿ ನಕ್ಕರು.

ಮೂರನೆಯ ದಿನ ಮಧ್ಯಾಹ್ನ ಅಕ್ಕನ ಬೀದಿ. ಅಕ್ಕ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೋಲು ಊರಿ ಏಳುವಷ್ಟರಲ್ಲಿ ತಂಗಿ ಓಡಿ ಬಂದು ತಬ್ಬಿಕೊಂಡಾಗಿತ್ತು. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಮುದುಕಿ ಎಂದು ಬೈದುಕೊಂಡರು, ಮತ್ತೆ ಅತ್ತರು.

“ಅತ್ತಿಗೆ, ನಾನೂ ಬಂದಿದ್ದೀನಿ,” ಎಂದರು ಮಾಮ.

“ನೀವಿಲ್ಲದೆ ಇವಳೇ ಗಾಡಿ ಎಳ್ಕೊಂಡು ಬಂದಳೇ? ಬನ್ನಿ, ಬನ್ನಿ!” ಎಂದ ಅಕ್ಕ, ತಂಗಿಯ ಕಡೆ ತಿರುಗಿದರು. “ಮೊದಲು ನಿನ್ನ ಔಷಧಿ ತಾ. ಒಳಗಿಡೋಣ.”

“ಬೇಡ ಅಕ್ಕಾ, ಗಾಡೀಲಿ ನಮ್ಮ ಫ್ರಿಜ್ಜೇ ಇದೆ. ನಿನ್ನದರಲ್ಲಿ ಜಾಗ ಎಲ್ಲಿರುತ್ತೆ?”

ಅಕ್ಕ ಕೋಲೂರಿಕೊಂಡು ಅಡುಗೆಮನೆಗೆ ನಡೆದು ತಮ್ಮ ಫ್ರಿಜ್ಜಿನ ಬಾಗಿಲು ತೆಗೆದರು. ಕೆಳಗೆ ತರಕಾರಿ, ಮೇಲೆ ಪಾತ್ರೆಗಳು, ಒಂದರ ಮೇಲೊಂದು ಹೇರಿ ತುಂಬಿಹೋಗಿತ್ತು. ನಡುವಿನ ಒಂದು ಶೆಲ್ಫ್ ಮಾತ್ರ ಖಾಲಿ. ಅದರ ಮೇಲೆ ಮಡಚಿದ ಒಂದು ಬಿಳಿ ಬಟ್ಟೆ ಹಾಸಿತ್ತು.

“ನೀನು ಬಸ್ ಸ್ಟ್ಯಾಂಡಿಂದ ವಾಪಸ್ ಹೋದ್ಯಲ್ಲ, ಅವತ್ತು ಖಾಲಿ ಮಾಡಿಟ್ಟಿದ್ದು. ನಿನ್ನ ಔಷಧಿಗೆ ಅಂತ,” ಎಂದರು ಅಕ್ಕ. “ಮನೇಲಿ ಎಲ್ಲರೂ ಬೈತಾರೆ, ಸೊಪ್ಪಿಡೋಕೂ ಜಾಗ ಇಲ್ಲ ಅಂತ. ಒಂದು ಲಿಂಬೆಹಣ್ಣು ಇಡೋಕೂ ಬಿಟ್ಟಿಲ್ಲ ನಾನು.”

ಟೇಲರಮ್ಮ ಗಂಡನ ಮುಖ ನೋಡಿದರು. ಮಾಮ ಹಿಂಬದಿಗೆ ಹೋಗಿ ಮಂಡಿಯೂರಿ ಕಿವಿಗೊಟ್ಟು ಕೇಳಿದರು. ಲೋಟದಲ್ಲಿ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ಕಾದರು.

“ನಾಲ್ಕು,” ಎಂದರು. “ನಮ್ಮದಕ್ಕಿಂತ ಚೆನ್ನಾಗಿದೆ ಕಣೇ. ತಂದಿಡು.”

ಟೇಲರಮ್ಮ ಗಾಡಿಯಿಂದ ಡಬ್ಬಿ ತಂದು, ಎರಡೂ ಕೈಯಿಂದ ಆ ಬಿಳಿ ಬಟ್ಟೆಯ ಮೇಲಿಟ್ಟರು.

“ಎಷ್ಟು ದಿನ ಇರ್ತೀಯೇ?” ಎಂದರು ಅಕ್ಕ, ಬಾಗಿಲು ಮುಚ್ಚದೆ.

“ಅದರಲ್ಲಿ ಎಂಟಿವೆ ಅಕ್ಕಾ. ವಾರಕ್ಕೊಂದು.”

ಅಕ್ಕ ಬೆರಳು ಮಡಚಿ ವಾರಗಳನ್ನು ಎಣಿಸತೊಡಗಿದರು. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು, ಒಳಗಿನ ತಂಪೆಲ್ಲ ಹೊರಗೆ ಹರಿಯುತ್ತಿತ್ತು. ಕೂಲಿಂಗ್ ಮಾಮ ತಮ್ಮ ಜೀವಮಾನದಲ್ಲಿ ಮೊದಲ ಸಲ, ಬಾಗಿಲು ಮುಚ್ಚಿ ಎಂದು ಯಾರಿಗೂ ಹೇಳಲಿಲ್ಲ.