ಕುಪ್ಪೇಲೂರಿನ ಕೊನೆಯ ಬಸ್ಸಿನ ಹಾರ್ನು

ವರ್ಗಾವಣೆಯ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಒಂದು ಕಾಲಕ್ಕೆ ಇಡೀ ಬ್ಯಾಡಗಿಯಲ್ಲಿ ಇರಲಿಲ್ಲ ಎಂದು ಜಂಬದಿಂದಲೇ ಹೇಳಿಕೊಳ್ಳುತ್ತೇನೆ. ಎಂಬತ್ತರ ದಶಕದ ಕೊನೆ. ನಾನು ಇಲ್ಲಿ ಮೆಣಸಿನಕಾಯಿ ಪೇಟೆಯ ಕಚೇರಿಯಲ್ಲಿ ಗುಮಾಸ್ತ. ಹೊಸದಾಗಿ ಕೈಹಿಡಿದವಳು ಅತ್ತ ಕುಪ್ಪೇಲೂರಿನಲ್ಲಿ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. 'ಮಾನವೀಯತೆಯ ನೆಲೆಯಲ್ಲಿ ಬ್ಯಾಡಗಿಗೆ ವರ್ಗ ಮಾಡಬೇಕು' ಎಂದು ನಾನು ಬರೆದದ್ದಕ್ಕೆ ಅವಳು ಸಹಿ ಹಾಕಿ ಹಾವೇರಿಯ ಶಿಕ್ಷಣ ಕಚೇರಿಗೆ ಕಳಿಸುತ್ತಿದ್ದಳು. ಹಾವೇರಿಯ ಸಾಹೇಬರು 'ನೋಡೋಣು' ಎನ್ನುತ್ತಿದ್ದರು. ನೋಡುತ್ತಲೇ ಇದ್ದರು.

ಸಾಹೇಬರ ಮೇಲಷ್ಟೇ ಅಲ್ಲ, 'ಮಾನವೀಯತೆ' ಎಂಬ ಆ ದೊಡ್ಡ ಶಬ್ದದ ಮೇಲೂ ನನಗೆ ಸಿಟ್ಟೇ ಬಂದಿತ್ತು. ಪತ್ರಿಕೆಯಲ್ಲಿ ಅದು ಕಾಣಿಸಬೇಕಾದರೆ ಎಲ್ಲೋ ಒಂದು ಕಡೆ ನೆರೆಯಾದರೂ ಬರಬೇಕು, ಯುದ್ಧವಾದರೂ ಆಗಬೇಕು. ವಿಮಾನದಿಂದ ರೊಟ್ಟಿ ಎಸೆದರೆ ಅದು ಮಾನವೀಯ ನೆರವು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ರೊಟ್ಟಿ ಚಾಚಿದರೆ ಅದಕ್ಕೆ ಹೆಸರೇ ಇಲ್ಲ. ಹೆಂಡತಿಯ ಮುಖ ಕಾಣದ ಗುಮಾಸ್ತನ ಸಂಕಟ ಅದರ ಅಳತೆಗೆ ತೀರಾ ಸಣ್ಣದಾಯಿತೇನೋ. ನನಗೇನೂ ಸಣ್ಣದಾಗಿರಲಿಲ್ಲ. ಮೆಣಸಿನಕಾಯಿ ಘಾಟಿಗೆ ಪೇಟೆಯ ಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ನನ್ನ ಕಣ್ಣನ್ನು ಯಾರೂ ವಿಚಾರಿಸಲಿಲ್ಲ.

ಶನಿವಾರ ಕಚೇರಿ ಬಿಟ್ಟರೆ ರಾಣೇಬೆನ್ನೂರಿಗೆ ಓಡಿ ಕುಪ್ಪೇಲೂರಿನ ಕೊನೆಯ ಬಸ್ಸು ಹಿಡಿಯುತ್ತಿದ್ದೆ. ಸುಗ್ಗಿಯಲ್ಲಿ ಎಷ್ಟೋ ಶನಿವಾರ ಬಿಡುವೇ ಸಿಗುತ್ತಿರಲಿಲ್ಲ. ತಿಳಿಸೋಣವೆಂದರೆ ಅವಳ ಮನೆಗೆ ಫೋನಿರಲಿಲ್ಲ.

ಆ ಬಸ್ಸಿನ ಚಾಲಕ ಹನುಮಂತಪ್ಪ ಊರ ಹತ್ತಿರದ ತಿರುವಿನಲ್ಲಿ ಉದ್ದಕ್ಕೆ ಹಾರ್ನು ಹೊಡೆಯುತ್ತಿದ್ದ. ರಸ್ತೆಯಲ್ಲಿ ಒಂದು ಎಮ್ಮೆಯೂ ಇರುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಯಾಕೆಂದು ಕೇಳಿದೆ.

"ನೀವು ಬರಲಾರದ ದಿನಾ ಅಕ್ಕೋರು ಬಸ್ ಖಾಲಿ ಆಗೂತನಕಾ ನಿಂತು ನೋಡ್ತಿದ್ರು. ಮಂದಿ ಮುಂದ ಹಂಗ ತಿರುಗಿ ಹೋಗೂದು ನನಗ ನೋಡಾಕ ಆಗಲಿಲ್ರಿ," ಎಂದ. "ನೀವು ಬಸ್ಸಿನ್ಯಾಗ ಇದ್ದಾಗಷ್ಟ ಹೊಡಿತೇನಿ. ಹಾರ್ನ್ ಹೊಡದ್ರ ಬರ್ರಿ, ಇಲ್ಲಂದ್ರ ಮನ್ಯಾಗ ಇರ್ರಿ ಅಂತ ಅವರಿಗೆ ಹೇಳೇನಿ."

ಅವಳು ನನಗೆ ಇದನ್ನು ಹೇಳಿರಲೇ ಇಲ್ಲ. ಬಸ್ಸಿಳಿದಾಗ ಎದುರಿಗೆ ನಿಂತಿರುತ್ತಿದ್ದಳು, ಸುಮ್ಮನೆ ಈ ಕಡೆ ಬಂದವಳ ಹಾಗೆ. ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದ ಆ ಶಬ್ದದ ಅರ್ಥ ನನಗೆ ತಿಳಿದದ್ದು ಅವತ್ತು.

ಕೊನೆಗೊಮ್ಮೆ ವರ್ಗಾವಣೆಯ ಆದೇಶವೂ ಬಂತು. 'ಮಾನವೀಯತೆಯ ನೆಲೆಯಲ್ಲಿ' ಎಂದೇ ಇತ್ತು. ಸಾಹೇಬರ ಮೇಲಿನ ಸಿಟ್ಟನ್ನು ಹಿಂದಕ್ಕೆ ಪಡೆದೆ. ಅವಳು ಬ್ಯಾಡಗಿಗೆ ಬಂದಳು. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಇನ್ನೇನು ಬೇಕು?

ಒಂದು ಸಂಜೆ ಹೊರಗಿನ ರಸ್ತೆಯಲ್ಲಿ ಯಾವುದೋ ಬಸ್ಸು ಉದ್ದಕ್ಕೆ ಹಾರ್ನು ಹೊಡೆಯಿತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲತನಕ ಹೋಗಿಬಿಟ್ಟಳು. ನಾನು ನಕ್ಕು, ಇಲ್ಲೇ ಕೂತಿದ್ದೇನಲ್ಲ ಎಂದೆ.

"ಅದೀರಿ, ಖರೇ," ಎಂದಳು. "ಆದ್ರ ಈಗ ನೀವು ಬರೂದಿಲ್ಲಲ್ರಿ."

ಇದಕ್ಕೆ ಯಾವ ನೆಲೆಯಲ್ಲಿ, ಯಾರಿಗೆ ಅರ್ಜಿ ಬರೆಯುವುದೋ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಓಣಿಯ ತುದಿತನಕ ಹೋಗಿ, ಬಸ್ಸಿಳಿದವನ ಹಾಗೆ ತಿರುಗಿ ಬಂದೆ. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು.