ಒದ್ದೆ ಮೆಟ್ಟಿಲು

ಬಾಲ್ಟಿಮೋರ್ ಊರಿನ ನಮ್ಮ ಬೀದಿಯಲ್ಲಿ ಯಾವ ಮನೆಗೂ ಸ್ವಂತ ಗೋಡೆಯಿಲ್ಲ. ನೂರು ವರ್ಷದ ಇಟ್ಟಿಗೆ ಮನೆಗಳು, ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತಿವೆ. ಒಂದನ್ನು ಕೆಡವಿದರೆ ಪಕ್ಕದ್ದು ಬಾಯಿ ಬಿಡುತ್ತದೆ. ಅದಕ್ಕೇ ತನ್ನ ಎಡಬಲದ ಖಾಲಿ ಮನೆಗಳನ್ನು ಕೆಡವುತ್ತಾರೆಂದು ತಿಳಿದಾಗ ಮಿಸ್ ವರ್ಡೆಲ್ ಕೆರಳಿದ್ದು.

ಕೋಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಗಂಡನನ್ನು ಮಣ್ಣು ಮಾಡಿ, ಅರ್ಧ ಬೀದಿ ಗಂಟುಮೂಟೆ ಕಟ್ಟಿದರೂ ಜಗ್ಗದೆ ಉಳಿದ ಹೆಂಗಸು ಆಕೆ. ಮದುವೆಯಾದ ಹಿರಿಯ ಹೆಂಗಸರನ್ನೂ ನಮ್ಮ ಬೀದಿ ‘ಮಿಸ್’ ಎಂದೇ ಕರೆಯುತ್ತದೆ. ಪ್ರತಿ ಶನಿವಾರ ಮಂಡಿಯೂರಿ ಬಾಗಿಲ ಮುಂದಿನ ಬಿಳಿ ಅಮೃತಶಿಲೆಯ ಮೆಟ್ಟಿಲು ಉಜ್ಜುತ್ತಾಳೆ. ನಾವೆಲ್ಲ ಉಜ್ಜುತ್ತೇವೆ, ಕೊಳಕು ಮೆಟ್ಟಿಲಿನ ಮನೆಗೆ ನಮ್ಮಲ್ಲಿ ಮರ್ಯಾದೆಯಿಲ್ಲ. ಒದ್ದೆ ಮೆಟ್ಟಿಲು ತುಳಿದ ಮಗುವಿಗೆ ಯಾವ ಮನೆಯ ಹೆಂಗಸು ಬೇಕಾದರೂ ಬಾರಿಸಬಹುದು.

ಆ ಸೋಮವಾರ ಆಕೆ ಖಾಲಿ ಮನೆಗಳ ಮೆಟ್ಟಿಲನ್ನೂ ಉಜ್ಜುತ್ತಿದ್ದಳು. ಎದುರು ಮನೆಯ ನಾನು ರೇಗಿಸಿದೆ.

“ಏನ್ ಮಿಸ್ ವರ್ಡೆಲ್, ದೆವ್ವಗಳು ನೆಂಟರಾಗಿ ಬರ್ತಾವಾ?”

“ದೆವ್ವ ಅಲ್ಲ, ಕಾರ್ನೆಲ್ ಬರ್ತಾನೆ. ಬಾಯಿ ಮುಚ್ಕೊಂಡು ಒಂದು ಬಕೆಟ್ ನೀರು ತಾ.”

ಕಾರ್ನೆಲ್ ಇದೇ ಬೀದಿಯಲ್ಲಿ ಆಡಿ ಬೆಳೆದವನು, ಈಗ ಮನೆ ಕೆಡವಿಸುವ ಕಚೇರಿಯ ನೌಕರ. ಬಾಗಿಲಿಗೆ ನೋಟೀಸು ಅಂಟಿಸದೆ ಯಂತ್ರ ತರುವಂತಿಲ್ಲ. ಬಂದವನು ಮೆಟ್ಟಿಲ ಮುಂದೆ ಗಕ್ಕನೆ ನಿಂತ.

“ಒದ್ದೆ ಇದೆಯಲ್ಲಾ!”

“ಕಣ್ಣು ಚೆನ್ನಾಗಿದೆ ನಿಂಗೆ.”

“ನೋಟೀಸು ನಿಮ್ಮನೆಗಲ್ಲಮ್ಮ, ಪಕ್ಕದ್ದಕ್ಕೆ.”

“ಮಧ್ಯದ ಗೋಡೆ ಯಾರ್ದೋ, ನಿಮ್ಮಪ್ಪಂದಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಹಿಡಿಯೋಕೆ ನೀನೇ ಸಿಕ್ಕಿದ್ಯಾ?”

“ಒಣಗ್ಲಿ. ಕಾಯ್ತೀನಿ.”

“ಕಾಯಿ.”

ಒಣಗುವಷ್ಟರಲ್ಲಿ ಇನ್ನೊಂದು ಬಕೆಟ್ ಬೀಳುತ್ತಿತ್ತು. ನಾನೂ ಸುರಿದೆ. ತಮಾಷೆಗಲ್ಲ; ಆಕೆಯ ಗೋಡೆ ಬಿದ್ದರೆ ನಾಳೆ ನಮ್ಮ ಸಾಲಿನದೇ ಸರದಿ ಎಂದು ಸುರಿದೆ. ಕಾರ್ನೆಲ್ ಕಾಲೆತ್ತುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಸೋತು ನೋಟೀಸು ಮಡಚಿದ.

“ನಾಳೆ ನಮ್ಮ ಸಾಹೇಬ್ರನ್ನೇ ಕರ್ಕೊಂಡು ಬರ್ತೀನಿ. ಅವರು ಈ ಬೀದಿಯವರಲ್ಲ, ತುಳಿದೇ ತುಳೀತಾರೆ.”

“ಕರ್ಕೊಂಡು ಬಾ. ಇನ್ನೂ ಬೆಳ್ಳಗೆ ಉಜ್ಜಿಟ್ಟಿರ್ತೀನಿ.”

ಮರುದಿನ ಬೀದಿಯಲ್ಲಿ ಉಳಿದಿದ್ದ ಹೆಂಗಸರೆಲ್ಲ ಬ್ರಷ್ ಹಿಡಿದು ಆ ಮೆಟ್ಟಿಲುಗಳ ಬಳಿ ಕೂತಿದ್ದೆವು. ಸಾಹೇಬ ಬಂದ. ಬೂಟಿನ ತುಂಬ ಕೆಸರು. ನಮ್ಮತ್ತ ತಿರುಗಿಯೂ ನೋಡದೆ ಹೊಳೆಯುವ ಕಲ್ಲಿನ ಮೇಲೆ ಕಾಲೆತ್ತಿದ. ಮಿಸ್ ವರ್ಡೆಲ್ ಎದ್ದು ಬಾಗಿಲಿಗೆ ಬೆನ್ನುಕೊಟ್ಟು ನಿಂತಳು.

“ಏಯ್! ತೆಗಿಯೋ ಕಾಲು! ಒದ್ದೆ ಇರೋದು ಕಾಣ್ಸಲ್ವಾ?”

ಸಾಹೇಬನ ಹಿಂದಿನಿಂದ ಹಾಗೆ ಗದರಿದವನು ಕಾರ್ನೆಲ್.